ಎರಕದ ಕೀಲೋ, ಒತ್ತಿ ತೆಗೆದ ಪಟ್ಟಿಯೋ? ಮಾವನವರ ಹಣ ಡೈಗೆ ಹಾಕುವ ಮುಂಚೆ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಯಜಮಾನರು ಕೇಂದ್ರ ಸರ್ಕಾರದ ನೌಕರರು. ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಇದ್ದೇವೆ. ಇಲ್ಲಿನ ಮಾರ್ಕೆಟ್ಟಿನಲ್ಲಿ ಬಟ್ಟೆ ಮಾರುವವರು ದಿನಾ ರಾತ್ರಿ ಎಲ್ಲವನ್ನೂ ಬಿಚ್ಚಿ ಗಂಟು ಕಟ್ಟಿ, ಬೆಳಿಗ್ಗೆ ಮತ್ತೆ ಹರಡುವುದನ್ನು ನೋಡುತ್ತಿದ್ದೆ. ಅವರಿಗೆಂದು ಮಡಚಿ ಇಡುವ ಅಲ್ಯೂಮಿನಿಯಂ ಸ್ಟ್ಯಾಂಡ್ ಮಾಡಿಸಿ ಮಾರಲು ಶುರು ಮಾಡಿದೆ. ನಾಲ್ಕು ತಿಂಗಳಲ್ಲಿ 40 ಸ್ಟ್ಯಾಂಡ್ ಹೋಗಿವೆ. ಉದ್ದದ ಕೊಳವೆಗಳೆಲ್ಲ ಅಂಗಡಿಯಲ್ಲಿ ಸಿಗುವ ಸೆಕ್ಷನ್. ಮಡಚುವ ಕೀಲಿನ ತುಂಡು ಮಾತ್ರ ಎರಕದ್ದು, ಒಂದು ಸ್ಟ್ಯಾಂಡಿಗೆ ಎಂಟು. ಗುಜರಿ ಅಲ್ಯೂಮಿನಿಯಂ ಕರಗಿಸಿ ಕೈಯಲ್ಲಿ ಹೊಯ್ಯುವ ಒಬ್ಬರಿಂದ ಮಾಡಿಸಿದ್ದೆ. ಈಗ ಹನ್ನೊಂದು ಕೀಲು ಮುರಿದಿವೆ. ಒಂದು ಅಂಗಡಿಯಲ್ಲಿ ಸ್ಟ್ಯಾಂಡ್ ಕುಸಿದು ಕೆಲಸದ ಹುಡುಗನ ಭುಜಕ್ಕೆ ಪೆಟ್ಟಾಯಿತು.

ಮೈದುನ ಮಾನೇಸರದಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾನೆ. "ಕೈ ಎರಕ ಹೀಗೇ ಅತ್ತಿಗೆ, ಪ್ರೆಶರ್ ಡೈಕಾಸ್ಟಿಂಗ್ ಮಾಡಿಸೋಣ" ಎನ್ನುತ್ತಾನೆ. ಅದರ ಉಕ್ಕಿನ ಅಚ್ಚಿಗೆ, ಅಂದರೆ ಡೈಗೆ, 4 ಲಕ್ಷ, ಆಮೇಲೆ ತುಂಡಿಗೆ 35 ರೂಪಾಯಿ. ಸೆಕ್ಷನ್ ಮಾರುವವರು, "ಒತ್ತಿ ತೆಗೆದ ಪಟ್ಟಿಯನ್ನೇ ಕೊಯ್ದು ತೂತು ಹಾಕಿಸಿ, 75 ರೂಪಾಯಿಗೆ ಆಗುತ್ತದೆ" ಅನ್ನುತ್ತಾರೆ. ಮಾವನವರು ತಮ್ಮ ನಿವೃತ್ತಿಯ ಹಣದಿಂದ 4 ಲಕ್ಷ ಕೊಡಲು ಒಪ್ಪಿದ್ದಾರೆ. ಮುಂದಿನ ವಾರ ಮುಂಗಡ ಕೊಡಬೇಕು. ಯಜಮಾನರು ಹೌದು ಅಂತಲೂ ಹೇಳುತ್ತಿಲ್ಲ, ಬೇಡ ಅಂತಲೂ ಹೇಳುತ್ತಿಲ್ಲ. ಎರಡರಲ್ಲಿ ಯಾವುದು ಗಟ್ಟಿ? ಮಾವನವರ ಹಣ ಮುಳುಗಿಸಿಬಿಡುತ್ತೇನೋ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ.
(ಹೆಸರು ಬೇಡ, ಸರೋಜಿನಿ ನಗರ)

ಉತ್ತರ: ಸಹೋದರಿ, ಮುಂದಿನ ವಾರ ಮುಂಗಡ ಕೊಡಬೇಡಿ. ಡೈ ಮಾಡುವವರಿಗೆ ಇವತ್ತೇ ಫೋನ್ ಮಾಡಿ, ಸದ್ಯಕ್ಕೆ ಬೇಡ ಎಂದು ಹೇಳಿಬಿಡಿ. ಕಾರಣ ಮುಂದೆ ಬರುತ್ತದೆ. ಇಷ್ಟು ಇತ್ಯರ್ಥವಾದರೂ ನಿಮಗೆ ಅರ್ಧ ನಿದ್ದೆ ವಾಪಸು ಬಂದೀತು.

ಯಾವುದು ಗಟ್ಟಿ ಎಂದು ಕೇಳಿದ್ದೀರಿ. ಬರೀ ಪುಸ್ತಕದ ಅಂಕಿ ನೋಡಿದರೆ ನಿಮ್ಮ ಮೈದುನನೇ ಗೆಲ್ಲುತ್ತಾನೆ. ಪ್ರೆಶರ್ ಡೈಕಾಸ್ಟಿಂಗ್‌ಗೆ ಹೆಚ್ಚಾಗಿ ಬಳಸುವ ಎಡಿಸಿ12 ಎಂಬ ಮಿಶ್ರಲೋಹವನ್ನು ಎಳೆದು ತುಂಡರಿಸಲು ಸುಮಾರು 300 ಮೆಗಾಪ್ಯಾಸ್ಕಲ್ ಬೇಕು. ಕಿಟಕಿ ಬಾಗಿಲಿನ ಸೆಕ್ಷನ್‌ಗೆ ಬಳಸುವ 6063 ಎಂಬ ಮಿಶ್ರಲೋಹ ಟಿ6 ಎಂಬ, ಕಾಯಿಸಿ ಗಡಸುಮಾಡಿದ ಹದದಲ್ಲೂ 240ರ ಆಸುಪಾಸಿನಲ್ಲೇ ತುಂಡಾಗುತ್ತದೆ. ಆದರೆ ತುಂಡಾಗುವ ಮುಂಚೆ ಎರಡೂ ಹೇಗೆ ನಡೆದುಕೊಳ್ಳುತ್ತವೆ ನೋಡಿ. ಎಡಿಸಿ12 ತನ್ನ ಉದ್ದದ ಶೇ 1ರಿಂದ 3ರಷ್ಟು ಹಿಗ್ಗುವುದರೊಳಗೆ ಮುರಿದೇ ಹೋಗುತ್ತದೆ. 6063 ಶೇ 10ರ ಸುಮಾರು ಹಿಗ್ಗುತ್ತದೆ. ಮುರಿಯುವುದಕ್ಕೆ ಮೊದಲು ಬಾಗುತ್ತದೆ, ಬಾಗಿದ್ದು ಅಂಗಡಿಯವನ ಕಣ್ಣಿಗೆ ಬೀಳುತ್ತದೆ, ಅವನು ಬಟ್ಟೆ ಇಳಿಸಿ ನಿಮಗೆ ಹೇಳಿಕಳಿಸುತ್ತಾನೆ. ಎರಕದ ತುಂಡು ಯಾರಿಗೂ ಸೂಚನೆ ಕೊಡದೆ ಪಟ್ಟನೆ ಹೋಗುತ್ತದೆ. ನಿಮ್ಮ ಸ್ಟ್ಯಾಂಡು ದಿನಾ ಎರಡು ಸಲ ಮಡಚಿ ಬಿಚ್ಚುವಂಥದ್ದು, ರಾತ್ರಿ ಆತುರದಲ್ಲಿ ಗೋಣಿಚೀಲದ ಜೊತೆ ಎಸೆಯುವಂಥದ್ದು, ಜನಜಂಗುಳಿಯಲ್ಲಿ ಹತ್ತು ಮೊಣಕೈ ತಾಗುವಂಥದ್ದು. ಇಂಥ ಕೀಲಿಗೆ ಬೇಕಾದದ್ದು ಪೆಟ್ಟು ತಿಂದು ತಡೆದುಕೊಳ್ಳುವ ಗುಣ. ಅದು ಒತ್ತಿ ತೆಗೆದ ಲೋಹದಲ್ಲಿ ಹೆಚ್ಚು.

ಈ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ಆಗ ನಾಳೆ ಯಾವ ಕಾರ್ಖಾನೆಯವರೂ ನಿಮ್ಮನ್ನು ಮಾತಲ್ಲಿ ಮರುಳು ಮಾಡಲಾರರು.

ಎಕ್ಸ್‌ಟ್ರೂಷನ್ ಎಂದರೆ ಒತ್ತಿ ತೆಗೆಯುವುದು, ಮನೆಯಲ್ಲಿ ಚಕ್ಕುಲಿ ಒತ್ತುವ ಕೆಲಸವೇ. ಅಲ್ಯೂಮಿನಿಯಂ ದಿಮ್ಮಿಯನ್ನು 450ರಿಂದ 500 ಡಿಗ್ರಿಯವರೆಗೆ ಕಾಯಿಸುತ್ತಾರೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಹಾಗಾಗಿ ದಿಮ್ಮಿ ಕರಗದೆ ಮೆತ್ತಗಾಗಿರುತ್ತದೆ. ಅದನ್ನು ನೂರಾರು, ಸಾವಿರಾರು ಟನ್ ಬಲದ ಪ್ರೆಸ್ಸಿನಲ್ಲಿ ಉಕ್ಕಿನ ಅಚ್ಚಿನ ತೂತಿನಿಂದ ನೂಕುತ್ತಾರೆ. ತೂತಿನ ಆಕಾರ ಹೇಗಿದೆಯೋ ಹಾಗೆ ಉದ್ದಕ್ಕೆ ಹೊರಬರುತ್ತದೆ. ನೀರಾಗದ ಲೋಹದೊಳಗೆ ಗಾಳಿ ಸೇರಲು ಎಡೆಯಿಲ್ಲ. ಒತ್ತುವಾಗ ಒಳಗಿನ ಕಣಗಳು ನಾದಿಕೊಂಡು ಒತ್ತೊತ್ತಾಗುತ್ತವೆ. ಮಿತಿಯೂ ಅಲ್ಲೇ ಇದೆ: ಈ ತುದಿಯಿಂದ ಆ ತುದಿಯವರೆಗೆ ಒಂದೇ ಆಕಾರ. ನಡುವೆ ಉಬ್ಬು, ಒಂದು ಪಕ್ಕದಲ್ಲಿ ಬಟ್ಟಲು, ಇನ್ನೊಂದು ಪಕ್ಕದಲ್ಲಿ ಕಿವಿ ಎಂದರೆ ಆಗುವುದಿಲ್ಲ. ಕೊಯ್ದು, ಕೊರೆದು ಮಾಡಿಕೊಳ್ಳಬೇಕು.

ಎರಕದಲ್ಲಿ ಲೋಹ ನೀರಾಗುತ್ತದೆ. ಅಚ್ಚಿನ ಯಾವ ಮೂಲೆಗಾದರೂ ಹರಿದು ಹೋಗುತ್ತದೆ, ಯಾವ ಆಕಾರವನ್ನಾದರೂ ಕೊಡುತ್ತದೆ. ಆದರೆ ನೀರಾದ ಅಲ್ಯೂಮಿನಿಯಂ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಅಷ್ಟು ಹೈಡ್ರೋಜನ್ ಅದರೊಳಗೆ ಹಿಡಿಯುವುದಿಲ್ಲ, ಗುಳ್ಳೆಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಗಟ್ಟಿಯಾಗುವಾಗ ಲೋಹ ಕುಗ್ಗುತ್ತದೆ. ಶುದ್ಧ ಅಲ್ಯೂಮಿನಿಯಂ ಶೇ 6ಕ್ಕಿಂತ ಹೆಚ್ಚೇ ಕುಗ್ಗುತ್ತದೆ, ಸಿಲಿಕಾನ್ ಬೆರೆತದ್ದು ಅದಕ್ಕಿಂತ ಕಡಿಮೆ. ಕುಗ್ಗಿದ ಜಾಗಕ್ಕೆ ಹೊಸ ಲೋಹ ಹರಿದು ಬರುವ ದಾರಿ ಅಚ್ಚಿನಲ್ಲಿ ಇಲ್ಲದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ. ಗುಜರಿ ಮಾಲಿನಲ್ಲಿ ಇನ್ನೊಂದು ತೊಂದರೆ ಕಬ್ಬಿಣ. ಸ್ಕ್ರೂ, ಮೊಳೆ, ಬುಷ್ ಎಲ್ಲ ಸೇರಿ ಕರಗಿದಾಗ ಕಬ್ಬಿಣ ಸೂಜಿಯಂಥ ಹರಳುಗಳಾಗಿ ಅಲ್ಯೂಮಿನಿಯಂ ಒಳಗೆ ಹರಡಿಕೊಳ್ಳುತ್ತದೆ, ಬಿರುಕು ಅಲ್ಲಿಂದ ಹೊರಡುತ್ತದೆ. ಗುಜರಿ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಎಡಿಸಿ12 ಬಹುಪಾಲು ತಯಾರಾಗುವುದೇ ಗುಜರಿಯಿಂದ. ಅದಿರಿನಿಂದ ತೆಗೆಯುವುದಕ್ಕೆ ಬೇಕಾದ ಶಕ್ತಿಯ ಶೇ 5ರಷ್ಟರಲ್ಲಿ ಗುಜರಿ ಮತ್ತೆ ಲೋಹವಾಗುತ್ತದೆ, ಅದು ದೇಶಕ್ಕೆ ಒಳ್ಳೆಯದೇ. ಏನೇನು ಬೆರೆತಿದೆ ಎಂದು ನೋಡದೆ ಕರಗಿಸುವುದು ತಪ್ಪು.

ಮುರಿದ ಹನ್ನೊಂದು ತುಂಡುಗಳನ್ನು ಎಸೆದಿಲ್ಲ ತಾನೆ? ಒಂದನ್ನು ಗರಗಸದಲ್ಲಿ ಕೊಯ್ಯಿಸಿ, ಕೊಯ್ದ ಮುಖವನ್ನು ನುಣ್ಣಗೆ ಉಜ್ಜಿ ಬೆಳಕಿಗೆ ಹಿಡಿಯಿರಿ. ಸಣ್ಣ, ದುಂಡನೆಯ, ಒಳಗೋಡೆ ಹೊಳೆಯುವ ತೂತುಗಳಿದ್ದರೆ ಅದು ಅನಿಲದ ಗುಳ್ಳೆ. ಒರಟಾದ, ಅಂಚು ಹರಿದಂತಿರುವ ಪೊಳ್ಳಿದ್ದರೆ ಕುಗ್ಗಿದ್ದರಿಂದ ಆದದ್ದು. ಮುರಿತ ಎಲ್ಲಿ ಆಗಿದೆ ಎಂಬುದನ್ನೂ ನೋಡಿ. ಒಳಮೂಲೆ ಚೂಪಾಗಿದ್ದು ಅಲ್ಲಿಂದಲೇ ಸೀಳಿದ್ದರೆ ತಪ್ಪು ಎರಕ ಹೊಯ್ದವರದ್ದು ಮಾತ್ರವಲ್ಲ, ನಕ್ಷೆಯದ್ದೂ ಹೌದು. ಯಾವ ಲೋಹದಲ್ಲೇ ಮಾಡಿಸಿ, ಆ ಮೂಲೆಗೆ ಕನಿಷ್ಠ 3 ಮಿಲಿಮೀಟರ್ ದುಂಡು ಕೊಡಿಸಲೇಬೇಕು. ಇದನ್ನು ಬಿಟ್ಟು ಲೋಹ ಬದಲಾಯಿಸಿದರೆ ಮುಂದಿನ ಕೀಲೂ ಅಲ್ಲೇ ಸೀಳೀತು. ಅನುಮಾನ ಉಳಿದರೆ ಓಖ್ಲಾದಲ್ಲಿ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪರೀಕ್ಷಾ ಕೇಂದ್ರವಿದೆ. ಲೋಹದಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎಂಬ ವರದಿ ಕೇಳಿ. ಡೈಗೆ ಹಾಕಲು ಹೊರಟ ಹಣದ ಮುಂದೆ ಅದರ ಶುಲ್ಕ ಏನೇನೂ ಅಲ್ಲ.

ಪ್ರೆಶರ್ ಡೈಕಾಸ್ಟಿಂಗ್‌ನಲ್ಲಿ ಈ ತೊಂದರೆಗಳು ತಪ್ಪುತ್ತವೆಯೇ? ಅರ್ಧ ಮಾತ್ರ. ಲೋಹವನ್ನು ಕಣ್ಣು ಮಿಟುಕಿಸುವುದರೊಳಗೆ ಅಚ್ಚಿಗೆ ನುಗ್ಗಿಸುತ್ತಾರೆ. ಹೊರಮೈ ನುಣುಪಾಗಿ ಬರುತ್ತದೆ, ಅಳತೆ ಕರಾರುವಾಕ್ಕಾಗಿರುತ್ತದೆ, ಗೋಡೆಯನ್ನು 2 ಮಿಲಿಮೀಟರಿನಷ್ಟು ತೆಳ್ಳಗೆ ಮಾಡಬಹುದು. ಅದೇ ವೇಗದಲ್ಲಿ ಅಚ್ಚಿನೊಳಗಿನ ಗಾಳಿಯೂ ಲೋಹದಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದಲೇ ಸಾಮಾನ್ಯ ಡೈಕಾಸ್ಟ್ ತುಂಡನ್ನು ಕಾಯಿಸಿ ಟಿ6 ಹದಕ್ಕೆ ತರಲು ಹೋದರೆ ಮೈಮೇಲೆ ಬೊಬ್ಬೆ ಏಳುತ್ತವೆ, ವೆಲ್ಡಿಂಗ್ ಕೂಡ ಸರಿಯಾಗಿ ಕೂರುವುದಿಲ್ಲ. ಕೈ ಎರಕಕ್ಕಿಂತ ಖಂಡಿತ ಮೇಲು. ಆದರೆ ಪಟ್ಟನೆ ಮುರಿಯುವ ಸ್ವಭಾವ ಹೋಗುವುದಿಲ್ಲ.

ಇನ್ನು ಮುಖ್ಯವಾದ ಲೆಕ್ಕಕ್ಕೆ ಬರೋಣ, ನಿಮ್ಮ ಪತ್ರದಲ್ಲಿರುವ ಅಂಕಿಗಳಿಂದಲೇ. ಡೈಕಾಸ್ಟ್ ತುಂಡು 35 ರೂಪಾಯಿ, ಪಟ್ಟಿಯಿಂದ ಕೊಯ್ದದ್ದು 75. ಒಂದು ತುಂಡಿಗೆ 40 ರೂಪಾಯಿ ಉಳಿತಾಯ. 4 ಲಕ್ಷದ ಡೈ ತನ್ನ ಹಣ ತಾನು ದುಡಿದುಕೊಳ್ಳಲು 10,000 ಕೀಲು ಬೇಕು. ಸ್ಟ್ಯಾಂಡಿಗೆ ಎಂಟರಂತೆ 1,250 ಸ್ಟ್ಯಾಂಡ್. ನೀವು ಈಗ ತಿಂಗಳಿಗೆ ಹತ್ತು ಮಾರುತ್ತಿದ್ದೀರಿ. ಹತ್ತು ವರ್ಷಕ್ಕೂ ಮೇಲಾಯಿತು. ವ್ಯಾಪಾರ ನಾಲ್ಕು ಪಟ್ಟು ಬೆಳೆದರೂ ಎರಡೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟರೊಳಗೆ ಅಂಗಡಿಯವರು "ಕೀಲು ಇನ್ನೂ ಸ್ವಲ್ಪ ಉದ್ದ ಇರಲಿ" ಎಂದರೆ ಡೈ ತಿದ್ದಿಸಲು ಮತ್ತೆ ಖರ್ಚು, ಕೆಲವು ಬದಲಾವಣೆಗಳಿಗೆ ಹೊಸ ಡೈಯೇ ಬೇಕು. ನಾಲ್ಕು ತಿಂಗಳಷ್ಟೇ ಹಳೆಯದಾದ ಸರಕಿನ ಆಕಾರ ಬದಲಾಗದೆ ಇರುವುದಿಲ್ಲ. ಪಟ್ಟಿ ಕೊಯ್ಯುವ ದಾರಿಯಲ್ಲಿ ಕಾಗದದ ನಕ್ಷೆ ಬದಲಾಯಿಸಿದರೆ ಸಾಕು.

ನಿಮ್ಮ ಮೈದುನ ತಪ್ಪು ಹೇಳಿದ್ದಾನೆಂದು ದಯವಿಟ್ಟು ತಿಳಿಯಬೇಡಿ. ಅವನು ದಿನಾ ನೋಡುವ ಜಗತ್ತಿನಲ್ಲಿ ಅವನ ಮಾತು ಸರಿ. ವಾಹನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಒಂದೇ ತುಂಡು ಲಕ್ಷಗಟ್ಟಲೆ ಹೋಗುತ್ತದೆ, ಡೈಯ ಬೆಲೆ ತುಂಡಿಗೆ ಕೆಲವೇ ರೂಪಾಯಿಗೆ ಇಳಿಯುತ್ತದೆ. ಅಲ್ಲಿ ಪಟ್ಟಿ ಕೊಯ್ದು ಕೂರುವುದೇ ದಡ್ಡತನ. ಅವನನ್ನು ಕೂರಿಸಿಕೊಂಡು ಈ 1,250ರ ಲೆಕ್ಕ ತೋರಿಸಿ. ಕಾರ್ಖಾನೆಯಲ್ಲಿ ದುಡಿಯುವವನಿಗೆ ಕಾಗದದ ಲೆಕ್ಕ ಬೇಗ ತಲೆಗೆ ಹೋಗುತ್ತದೆ. ಅವನ ಅನುಭವವನ್ನು ಬೇರೆ ಕಡೆ ಬಳಸಿಕೊಳ್ಳಿ: ಬಂದ ಮಾಲನ್ನು ಅಳೆದು ನೋಡುವುದು, ತೂತು ಪ್ರತಿ ಸಲ ಒಂದೇ ಜಾಗಕ್ಕೆ ಬೀಳುವಂತೆ ತುಂಡು ಹಿಡಿಸುವ ಜಿಗ್ ಮಾಡಿಕೊಡುವುದು, ನೂರರಲ್ಲಿ ಎಷ್ಟು ತುಂಡು ಪರೀಕ್ಷಿಸಬೇಕೆಂದು ಗೊತ್ತುಮಾಡುವುದು. ಇದು ನಿಮಗೆ ಹಣ ಕೊಟ್ಟರೂ ಸುಲಭಕ್ಕೆ ಸಿಗದ ಸಹಾಯ.

ಎರಕ ಕೀಳು, ಎಕ್ಸ್‌ಟ್ರೂಷನ್ ಮೇಲು ಎಂದು ನಾನು ಹೇಳುತ್ತಿಲ್ಲ. ನಿಮ್ಮೂರಿನ ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್‌ನವರು ಮಾಡುತ್ತಿದ್ದ ಲೇತ್ ಯಂತ್ರಗಳ ಮೈಯೆಲ್ಲ ಎರಕವೇ, ಕಬ್ಬಿಣದ ಎರಕ. ಅಂಥ ಆಕಾರ, ಅದುರು ನುಂಗಿಕೊಳ್ಳುವ ಅಂಥ ಗುಣ ಬೇರೆ ದಾರಿಯಲ್ಲಿ ಬರುತ್ತಿರಲಿಲ್ಲ. ನಿಮ್ಮ ಮನೆಯ ಫ್ಯಾನಿನ ಮೋಟಾರು ಕವಚ, ಬೀದಿದೀಪದ ಚಿಪ್ಪು, ಪಂಪಿನ ದೇಹ, ಇವೆಲ್ಲ ಎರಕಕ್ಕೇ ಹುಟ್ಟಿದ ಆಕಾರಗಳು. ಕಿಟಕಿಯ ಚೌಕಟ್ಟು, ಏಣಿ, ಪರದೆಯ ಹಳಿ ಎಕ್ಸ್‌ಟ್ರೂಷನ್‌ಗೆ ಹುಟ್ಟಿದವು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1968ರಲ್ಲಿ ಸ್ಥಾಪನೆಯಾದ ಜಿಂದಾಲ್ ಅಲ್ಯೂಮಿನಿಯಂ ಮಾಡುತ್ತಿರುವುದು ಈ ಬಗೆಯ ಉದ್ದನೆಯ ಮಾಲನ್ನೇ. ನಿಮ್ಮ ಕೀಲು ಇವೆರಡರಲ್ಲಿ ಯಾವ ಜಾತಿ? ಪತ್ರದ ಜೊತೆ ಕಳಿಸಿದ ಚಿತ್ರ ನೋಡಿದೆ. ಎರಡು ಚಪ್ಪಟೆ ಕಿವಿ, ನಡುವೆ ಒಂದು ಪಿನ್ನು. ಇದಕ್ಕೆ ಎರಕವೇ ಬೇಕಾಗಿಲ್ಲ. ಪಟ್ಟಿ ಕೊಯ್ದು, ಮೂಲೆ ದುಂಡು ಮಾಡಿ, ಎರಡು ತೂತು ಕೊರೆದರೆ ಕೀಲು ತಯಾರು.

ಇಲ್ಲಿ ಒಂದು ಎಚ್ಚರಿಕೆ. ಸೆಕ್ಷನ್ ವ್ಯಾಪಾರಿ ನಾಳೆ "ನಿಮ್ಮದೇ ಆಕಾರದ ಅಚ್ಚು ಮಾಡಿಸಿ, ಬರೀ ಕೊಯ್ದರೆ ಸಾಕು" ಎಂದು ಹೇಳಬಹುದು. ಎಕ್ಸ್‌ಟ್ರೂಷನ್ ಅಚ್ಚು ಡೈಕಾಸ್ಟಿಂಗ್ ಡೈಗಿಂತ ಬಹಳ ಅಗ್ಗ, ಲಕ್ಷಗಳಲ್ಲಿ ಅಲ್ಲ, ಸಾವಿರಗಳಲ್ಲಿ ಮುಗಿಯುತ್ತದೆ. ಆದರೆ ಪ್ರೆಸ್ಸಿನವರು ಒಂದು ಸಲಕ್ಕೆ ಕೆಲವು ನೂರು ಕಿಲೋ ತೆಗೆದುಕೊಳ್ಳಬೇಕೆಂದು ಕೇಳುತ್ತಾರೆ. 300 ಕಿಲೋ ಎಂದುಕೊಳ್ಳಿ. ಕೀಲು 60 ಗ್ರಾಂ ತೂಗಿದರೆ ಅದು 5,000 ಕೀಲಿನ ಮಾಲು, 625 ಸ್ಟ್ಯಾಂಡಿಗೆ ಆಗುವಷ್ಟು. ಅದನ್ನು ಎಲ್ಲಿ ಇಡುತ್ತೀರಿ? ಈಗ ಅದೂ ಬೇಡ. ಸಿದ್ಧವಾಗಿ ಸಿಗುವ ಚಪ್ಪಟೆ ಪಟ್ಟಿಯನ್ನೇ ಕೊಳ್ಳಿ.

ಕೊಳ್ಳುವಾಗ ಬಿಲ್ಲಿನ ಮೇಲೆ ಮಿಶ್ರಲೋಹದ ಹೆಸರು, ಹದ ಎರಡನ್ನೂ ಬರೆಸಿ: 6063 ಟಿ6, ಅಥವಾ ಸಿಕ್ಕರೆ ಇನ್ನೂ ಬಲವಾದ 6082 ಟಿ6. ಹಳೆಯ ವ್ಯಾಪಾರಿಗಳು ಇವನ್ನು ಎಚ್‌ಇ9, ಎಚ್‌ಇ30 ಎನ್ನುತ್ತಾರೆ. ಹದ ಬರೆಸದಿದ್ದರೆ ಮೆತ್ತಗಿನ ಪಟ್ಟಿ ಬಂದು, ಕೀಲು ಮುರಿಯದೆ ಸೊಟ್ಟಗಾದೀತು. ಸೆಕ್ಷನ್ ಒತ್ತುವವರ ಹತ್ತಿರ ವೆಬ್‌ಸ್ಟರ್ ಎಂಬ ಕೈ ಇಕ್ಕಳದಂಥ ಮಾಪಕ ಇರುತ್ತದೆ, ಪಟ್ಟಿಯ ಅಂಚು ಕಚ್ಚಿಸಿದರೆ ಗಡಸುತನ ತೋರಿಸುತ್ತದೆ. ನಿಮ್ಮ ಕಣ್ಣೆದುರೇ ಹಿಡಿಸಿ ನೋಡಿ. ಪಟ್ಟಿ ಒತ್ತಿದ ದಿಕ್ಕಿಗೆ ಕೀಲಿನ ಉದ್ದ ಬರುವಂತೆ ಕೊಯ್ಯಲು ಹೇಳಿ, ಆ ದಿಕ್ಕಿನಲ್ಲಿ ಲೋಹ ಹೆಚ್ಚು ತಡೆದುಕೊಳ್ಳುತ್ತದೆ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದಿರಲಿ, ನಡುವೆ ನೈಲಾನ್ ವಾಷರ್ ಇರಲಿ. ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಉಜ್ಜಿದರೆ ಬೇಗ ಕಚ್ಚಿಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ: ಕೊಳವೆ, ಕೀಲು ಎರಡೂ 6063 ಆದರೆ ಅನೋಡೈಸ್ ಮಾಡಿಸಿದಾಗ ಒಂದೇ ಬಣ್ಣ ಬರುತ್ತದೆ. ಸಿಲಿಕಾನ್ ಹೆಚ್ಚಿರುವ ಎರಕದ ತುಂಡು ಅನೋಡೈಸ್‌ನಲ್ಲಿ ಮಂಕು ಬೂದಿಬಣ್ಣಕ್ಕೆ ತಿರುಗುತ್ತದೆ.

ನೀವು ಕೇಳದೆ ಬಿಟ್ಟ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯ. ಮಾರಿಹೋದ 40 ಸ್ಟ್ಯಾಂಡುಗಳಲ್ಲಿ ಇನ್ನೂ 309 ಹಳೆಯ ಕೀಲುಗಳಿವೆ. ಒಂದೇ ಮಾಲು, ಒಂದೇ ಕೈ. ಮುರಿದ ಹನ್ನೊಂದನ್ನು ಬದಲಾಯಿಸಿ ಸುಮ್ಮನಾಗುವ ಹಾಗಿಲ್ಲ. ಹುಡುಗನ ಭುಜಕ್ಕೆ ಬಿದ್ದದ್ದು ನಾಳೆ ಬಟ್ಟೆ ಆರಿಸುತ್ತಿರುವ ಮಗುವಿನ ತಲೆಗೆ ಬೀಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷವಿರುವ ಸರಕಿನಿಂದಾದ ಗಾಯಕ್ಕೆ ತಯಾರಿಸಿದವರನ್ನು ಹೊಣೆ ಮಾಡುತ್ತದೆ. ಕಾಯ್ದೆ ಇಲ್ಲದಿದ್ದರೂ ನನ್ನ ಮಾತು ಇದೇ ಆಗಿರುತ್ತಿತ್ತು. 320 ಕೀಲಿಗೆ 75 ರೂಪಾಯಿಯಂತೆ 24,000 ರೂಪಾಯಿ. ಮಾವನವರ ಹಣದಲ್ಲಿ ಏನಾದರೂ ತೆಗೆದುಕೊಳ್ಳುವುದಿದ್ದರೆ ಇಷ್ಟು ಮಾತ್ರ ತೆಗೆದುಕೊಳ್ಳಿ, ಸಾಲವೆಂದು ಬರೆದುಕೊಡಿ. ಸೋಮವಾರ ಮಾರ್ಕೆಟ್ಟಿಗೆ ರಜೆ. ಭಾನುವಾರ ರಾತ್ರಿ ಸ್ಟ್ಯಾಂಡ್ ತಂದು, ಕೀಲು ಬದಲಾಯಿಸಿ, ಮಂಗಳವಾರ ಅಂಗಡಿ ತೆರೆಯುವ ಮುಂಚೆ ಕೊಟ್ಟರೆ ಅವರ ಒಂದು ದಿನದ ವ್ಯಾಪಾರವೂ ಕೆಡುವುದಿಲ್ಲ. ಅಲ್ಲಿಯವರೆಗೆ ಭಾರದ ಜಾಕೆಟ್, ಜೀನ್ಸ್ ನೇತುಹಾಕಬೇಡಿ ಎಂದು ಒಬ್ಬೊಬ್ಬರಿಗೂ ಹೋಗಿ ಹೇಳಿ. ಮುಖ ತೋರಿಸಲು ನಾಚಿಕೆ ಎನಿಸಬಹುದು. ಮಾಲು ಕೆಟ್ಟಾಗ ತಾನಾಗಿಯೇ ಬಂದು ಸರಿಮಾಡಿಕೊಟ್ಟವರನ್ನು ವ್ಯಾಪಾರಿಗಳು ಮರೆಯುವುದಿಲ್ಲ. ಆ ಹುಡುಗನ ಔಷಧಿ ಖರ್ಚು ಕೊಟ್ಟಿಲ್ಲವಾದರೆ ಮೊದಲು ಅದನ್ನು ಕೊಡಿ.

ಹೊಸ ಕೀಲು ಹಾಕಿದ ಒಂದು ಸ್ಟ್ಯಾಂಡನ್ನು ಮಾರದೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಅಂಗಡಿಯವರು ಹಾಕುವ ಭಾರದ ಎರಡರಷ್ಟು ಮರಳುಚೀಲ ತೂಗುಹಾಕಿ ವಾರಗಟ್ಟಲೆ ಬಿಡಿ. ದಿನಾ ಮಡಚಿ ಬಿಚ್ಚಿ, ಪಿನ್ನಿನ ತೂತು ಅಗಲವಾಗುತ್ತಿದೆಯೇ ಎಂದು ಅಳೆಯಿರಿ. ಮನೆಯಲ್ಲಿ ಕಂಡ ತಪ್ಪಿಗೆ ಯಾರ ಭುಜವೂ ಬೆಲೆ ಕೊಡಬೇಕಾಗಿಲ್ಲ.

ಯಜಮಾನರ ಮೌನಕ್ಕೆ ಬೇರೆ ಕಾರಣ ಇದ್ದಿರಬಹುದು ಎಂದು ನನಗೆ ಅನ್ನಿಸುತ್ತದೆ. ಕೇಂದ್ರ ನಾಗರಿಕ ಸೇವೆಗಳ 1964ರ ನಡತೆ ನಿಯಮಗಳಲ್ಲಿ 15ನೆಯದು ನೋಡಿ: ಕುಟುಂಬದವರು ಯಾರಾದರೂ ವ್ಯಾಪಾರ, ಉದ್ಯಮ ನಡೆಸುತ್ತಿದ್ದರೆ ನೌಕರರು ಸರ್ಕಾರಕ್ಕೆ ತಿಳಿಸಬೇಕು. ಹೆಂಡತಿ ವ್ಯಾಪಾರ ಮಾಡಬಾರದೆಂದು ಅದರಲ್ಲಿಲ್ಲ, ತಿಳಿಸಬೇಕು ಎಂದಷ್ಟೇ ಇದೆ. ಅವರು ಕಚೇರಿಗೆ ಒಂದು ಪತ್ರ ಕೊಟ್ಟಿದ್ದಾರೆಯೇ ಎಂದು ಕೇಳಿ. ಕೊಟ್ಟಿಲ್ಲದಿದ್ದರೆ ಈ ವಾರವೇ ಕೊಡಲಿ. ಸರ್ಕಾರಿ ಕ್ವಾರ್ಟರ್ಸ್ ವಾಸಕ್ಕೆ ಮಾತ್ರ, ಅದನ್ನು ಗೋದಾಮು, ಕಾರ್ಖಾನೆ ಮಾಡುವಂತಿಲ್ಲ. ಬಾಲ್ಕನಿಯಲ್ಲಿ ಕೊಳವೆ ಪೇರಿಸಿದ್ದರೆ ತೆಗೆಯಿರಿ, ಜೋಡಣೆಯನ್ನು ಪಟ್ಟಿ ಕೊಯ್ಯುವವರ ಶೆಡ್ಡಿನಲ್ಲೇ ಮಾಡಿಸಿ. ಉದ್ಯಮ್ ನೋಂದಣಿಯನ್ನು ನಿಮ್ಮ ಹೆಸರಲ್ಲೇ ಮಾಡಿಸಿ. ಅದು ಆನ್‌ಲೈನಿನಲ್ಲಿ ಆಗುತ್ತದೆ, ಶುಲ್ಕವಿಲ್ಲ. ಶುಲ್ಕ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ.

ಡೈ ಎಂದೆಂದಿಗೂ ಬೇಡವೇ? ಹಾಗೇನಿಲ್ಲ. ಆರು ತಿಂಗಳು ಒಂದೇ ನಕ್ಷೆಯ ಕೀಲು ಯಾವ ದೂರೂ ಇಲ್ಲದೆ ಹೋಗಬೇಕು, ತಿಂಗಳಿಗೆ ನೂರು ಸ್ಟ್ಯಾಂಡಿನ ಆರ್ಡರು ಕೈಯಲ್ಲಿರಬೇಕು. ಆಗಲೂ ನಾನಾದರೆ ನಿಮ್ಮದೇ ಆಕಾರದ ಎಕ್ಸ್‌ಟ್ರೂಷನ್ ಅಚ್ಚಿನ ಕಡೆಗೇ ಮೊದಲು ನೋಡುತ್ತೇನೆ, ಡೈಕಾಸ್ಟಿಂಗ್ ಆಮೇಲೆ. ಸ್ಟ್ಯಾಂಡಿನ ಕಾಲಿಗೆ ಹಾಕುವ ಪಾದ, ತುದಿಯ ಮುಚ್ಚಳ ಮುಂತಾದ ಭಾರ ಹೊರದ, ಆಕಾರ ಸುತ್ತುಬಳಸಾದ ತುಂಡುಗಳಿಗೆ ಎರಕ ಚೆನ್ನಾಗಿ ಒಪ್ಪುತ್ತದೆ. ಮೈದುನನ ಆಸೆಯನ್ನು ಅಲ್ಲಿ ನೆರವೇರಿಸಬಹುದು.

ಮಾವನವರಿಗೆ ನೀವೇ ಹೋಗಿ ಹೇಳಿ, ಹಣ ಈಗ ಬೇಡ, ಬ್ಯಾಂಕಿನಲ್ಲೇ ಇರಲಿ ಎಂದು. 500 ಸ್ಟ್ಯಾಂಡ್ ಮಾರಿದ ಮೇಲೆ ಲೆಕ್ಕದ ಪುಸ್ತಕದ ಒಂದು ಪ್ರತಿ ನನಗೆ ಕಳಿಸಿ, ಡೈ ಬಗ್ಗೆ ಆಗ ಮತ್ತೆ ಮಾತಾಡೋಣ.